ನೆಂಟರಿಗೆ ಎರಡು, ಮನೆಯವರಿಗೆ ಪಾಲು

ನಮ್ಮ ಅತ್ತೆಯ ಕೈಗೆ ಒಂದೇ ಒಂದು ಕಡಲೆಕಾಯಿ ಕೊಟ್ಟು ‘ಇದನ್ನು ಆರು ಜನಕ್ಕೆ ಹಂಚಮ್ಮ’ ಅಂದಿದ್ದರೆ ಆಕೆ ನಗುತ್ತಿರಲಿಲ್ಲ. ‘ಸಿಪ್ಪೆ ಸಮೇತ ಹಂಚಲಾ, ಬಿಡಿಸಿ ಹಂಚಲಾ?’ ಎಂದು ಗಂಭೀರವಾಗಿ ಕೇಳುತ್ತಿದ್ದಳು! ಅತ್ತೆ ಎಂದರೆ ನನ್ನ ಗಂಡನ ತಾಯಿ ಎಂದುಕೊಳ್ಳಬೇಡಿ. ಅವರು ಪಾಪ, ಕೈಗೆ ಬಂದಷ್ಟು ತೆಗೆದು ಕೊಟ್ಟು ಮರೆತುಬಿಡುವ ಜನ. ನಾನು ಹೇಳುತ್ತಿರುವುದು ನಮ್ಮಪ್ಪನ ಅಕ್ಕನ ವಿಚಾರ. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ಒಂದೂವರೆ ಕೋಣೆಯ ಮನೆ. ಅದರಲ್ಲಿ ಅತ್ತೆ, ಗಣಿಯೊಳಗೆ ಕೆಲಸಕ್ಕೆ ಹೋಗುವ ಮಾವ, ಅವರ ಮಕ್ಕಳು ಮುನಿಯ, ರತ್ನ, ಸೀನ, ಜೊತೆಗೆ ಓದುವ ನೆಪದಲ್ಲಿ ಹೋಗಿ ಸೇರಿಕೊಂಡ ನಾನು. ಒಟ್ಟು ಆರು ಹೊಟ್ಟೆ. ಆರನೇ ಮಗ್ಗಿಯನ್ನು ನಾನು ಶಾಲೆಯಲ್ಲಿ ಕಲಿತದ್ದಲ್ಲ, ಅತ್ತೆಯ ಮೊರದ ಮೇಲೆ ಕಲಿತದ್ದು.

ನಾನೋ ಹುಟ್ಟಾ ಪುಕ್ಕಲಿ. ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯ ಶಾಲೆ ನಾಲ್ಕನೇ ಕ್ಲಾಸಿಗೇ ಮುಗಿಯುತ್ತಿತ್ತು. ‘ಅಕ್ಕನ ಮನೇಲಿದ್ದು ಆಂಡರ್ಸನ್‌ಪೇಟೆ ಸ್ಕೂಲಿಗೆ ಓಗು’ ಎಂದು ಅಪ್ಪ ತೀರ್ಮಾನ ಮಾಡಿದಾಗ ನನಗೆ ಹತ್ತು ವರ್ಷವೂ ತುಂಬಿರಲಿಲ್ಲ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಂತು, ಗಾಡಿ ತಪ್ಪಿಹೋದರೆ ಏನು ಗತಿ ಎಂದು ಹೆದರಿದೆ. ಗಾಡಿ ಬಂತು, ಹತ್ತಿದೆವು; ತಪ್ಪದೆ ಹೋಯಿತಲ್ಲ ಎಂದು ಇನ್ನಷ್ಟು ಹೆದರಿದೆ. ಕಿಟಕಿಯಿಂದ ಸೈನೈಡ್ ಗುಡ್ಡಗಳು ಕಂಡಾಗ, ಅಪ್ಪ ‘ಅದು ಬರೀ ಗಣಿಯಿಂದ ತೆಗೆದ ಮಣ್ಣು’ ಎಂದ. ಬರೀ ಮಣ್ಣೇ ಇಷ್ಟಿದ್ದರೆ ಆ ಮಣ್ಣು ಇದ್ದ ಜಾಗದಲ್ಲಿ ಈಗ ಎಷ್ಟು ದೊಡ್ಡ ಹಳ್ಳ ಇರಬೇಕು, ಅದರ ಮೇಲೆ ಮನೆ ಕಟ್ಟಿಕೊಂಡು ಇವರೆಲ್ಲ ಹೇಗೆ ನಿದ್ದೆ ಮಾಡುತ್ತಾರೆ ಎಂದು ಅಪ್ಪನ ಪಂಚೆಯ ಅಂಚು ಹಿಡಿದುಕೊಂಡೆ.

ಮನೆ ತಲುಪಿದಾಗ ಅತ್ತೆ ಕಜ್ಜಾಯ ಮಾಡಿದ್ದಳು. ಅಪ್ಪನ ಮುಂದೆ ಒಂದು ಎಲೆ ಚೂರು ಹಾಕಿ ಎರಡು ಕಜ್ಜಾಯ ಇಟ್ಟಳು. ನನ್ನ ಮುಂದೆ ಇನ್ನೊಂದು ಎಲೆ ಚೂರು ಹಾಕಿ ಅಲ್ಲಿಯೂ ಎರಡು ಇಟ್ಟಳು. ಒಡೆದವಲ್ಲ, ಅಂಚು ಮುರಿದವಲ್ಲ, ದುಂಡಗಿನ ಇಡೀ ಕಜ್ಜಾಯಗಳು! ನಮ್ಮ ಮನೆಯಲ್ಲಿ ನಾನು ನಾಲ್ಕನೆಯವಳು, ಇಡೀ ಕಜ್ಜಾಯದ ಮುಖ ನೋಡಿದ್ದೇ ಹಬ್ಬದ ದಿನ ದೇವರ ಮುಂದೆ. ಅರ್ಧ ಭಯ ಅಲ್ಲೇ ಕರಗಿಹೋಯಿತು. ಎದುರಿಗೆ ಮೂರು ಮಕ್ಕಳು ಒಂದೊಂದು ಚೂರು ಹಿಡಿದುಕೊಂಡು, ತಿನ್ನುವುದನ್ನೂ ಮರೆತು ನನ್ನ ಎಲೆಯನ್ನೇ ನೋಡುತ್ತಿದ್ದರು. ಅಯ್ಯೋ ಪಾಪ, ಇವರಿಗೇಕೆ ಚೂರು ಎಂದು ಕನಿಕರಪಟ್ಟೆ. ಕನಿಕರಪಡುತ್ತಲೇ ಎರಡನ್ನೂ ಮುಗಿಸಿದೆ.

ಅಪ್ಪ ಸಾಯಂಕಾಲದ ಗಾಡಿಗೆ ಹೊರಟುಹೋದ. ಮಾರನೆಯ ದಿನ ಮಧ್ಯಾಹ್ನ ಅತ್ತೆ ಕರೆದಾಗ ನಾನು ಎಲ್ಲರಿಗಿಂತ ಮೊದಲು ಹೋಗಿ ಕೂತೆ. ನನ್ನ ಕೈಗೆ ಬಂದದ್ದು ಅರ್ಧಕ್ಕಿಂತ ಚಿಕ್ಕದಾದ ಒಂದು ಚೂರು.

‘ಅತ್ತೆ, ನಂಗೆ ಎರಡಲ್ವಾ?’ ಎಂದೆ.

‘ಎರಡು ನೆಂಟ್ರಿಗೆ ಕಣೇ. ನೀನು ಈಗ ಮನೇವ್ಳು. ಮನೇವ್ರಿಗೆ ಪಾಲು’ ಎಂದಳು ಅತ್ತೆ.

ಒಂದೇ ರಾತ್ರಿಯಲ್ಲಿ ನನ್ನ ಐಶ್ವರ್ಯವೆಲ್ಲ ಹೋಯಿತಲ್ಲ ಎಂದು ಅಳು ಬಂತು. ಅತ್ತೆ ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ. ನನ್ನದೇ ವಯಸ್ಸಿನ ರತ್ನ ಮಾತ್ರ ಹತ್ತಿರ ಸರಿದು, ‘ಅದ್ಯಾಕೆ ಅಳ್ತೀಯ? ಎರಡು ತಿಂದೋರು ಸಾಯಂಕಾಲದ ಗಾಡಿಗೆ ಓಗ್ಬಿಡಬೇಕು. ನೀನು ಓಗ್ತೀಯಾ?’ ಎಂದಳು.

ನಾನು ಅಳು ನಿಲ್ಲಿಸಿದೆ. ಅಲ್ಲಿಂದ ಮುಂದೆ, ದಿನಗಳು ಕಳೆದಂತೆ, ನನ್ನ ಭಯ ತಿರುವುಮುರುವಾಯಿತು. ಪಾಲು ಚಿಕ್ಕದಾಯಿತೆಂಬ ದುಃಖ ಹೋಗಿ, ಎಲ್ಲಿ ಒಂದು ದಿನ ಅತ್ತೆ ನನ್ನ ಮುಂದೆ ಎರಡು ಇಟ್ಟುಬಿಡುತ್ತಾಳೋ ಎಂಬ ದಿಗಿಲು ಹಿಡಿಯಿತು! ಯಾಕೆಂದರೆ ಆ ಹೊತ್ತಿಗೆ ನನಗೆ ಆ ಶಾಲೆ ಹಿಡಿಸಿತ್ತು, ರತ್ನ ಹಿಡಿಸಿದ್ದಳು, ಹೇಳಿಕೊಳ್ಳಲು ನಾಚಿಕೆಯಾದರೂ ಈ ಜಿಪುಣ ದೇವತೆಯಂಥ ಅತ್ತೆಯೂ ಹಿಡಿಸಿದ್ದಳು. ಒಂದು ದಿನ ಕೈಜಾರಿ ಎಣ್ಣೆ ಗಿಂಡಿಯನ್ನು ಪೂರ್ತಿ ಚೆಲ್ಲಿದೆ. ಅತ್ತೆ ಬೈದು ಬೈದು ಗಂಟಲು ಕಟ್ಟಿಸಿಕೊಂಡಳು. ಬೈಗುಳ ನನ್ನನ್ನು ಅಷ್ಟಾಗಿ ತಟ್ಟಲಿಲ್ಲ. ಮಧ್ಯಾಹ್ನದ ತನಕ ಒಂದೇ ಯೋಚನೆ: ಇವತ್ತು ಎರಡು ಕೊಟ್ಟಾಳೇ? ಕೊಟ್ಟರೆ ಬಟ್ಟೆ ಗಂಟು ಕಟ್ಟುವುದೇ ಸರಿ. ತಿಂಡಿ ಹೊತ್ತಿಗೆ ನನ್ನ ಕೈಗೆ ಅರ್ಧ ನಿಪ್ಪಟ್ಟು ಬಿತ್ತು, ಅದರಲ್ಲೂ ಒಂದು ಮೂಲೆ ಕಪ್ಪಾದದ್ದು. ಅಷ್ಟು ರುಚಿಯಾದ ನಿಪ್ಪಟ್ಟನ್ನು ನಾನು ಮತ್ತೆ ತಿಂದಿಲ್ಲ.

ಇನ್ನು ಆಕೆ ಪಾಲು ಮಾಡುವ ವೈಖರಿಗೆ ಬರುತ್ತೇನೆ. ಮೊರವನ್ನು ಬೋರಲು ಹಾಕಿ ಅದರ ಬೆನ್ನಿನ ಮೇಲೆ ಆರು ಪಾಲು ಇಡುವುದು. ಒಂದು ಕಣ್ಣು ಮುಚ್ಚಿ ನೋಡುವುದು. ತಲೆ ವಾಲಿಸಿ ನೋಡುವುದು. ಇದರಿಂದ ಒಂದು ಚಿಟಿಕೆ ತೆಗೆದು ಅದಕ್ಕೆ, ಅದರಿಂದ ತೆಗೆದು ಇನ್ನೊಂದಕ್ಕೆ. ಅಷ್ಟು ಹೊತ್ತು ನಾವು ನಾಲ್ವರೂ ಉಸಿರು ಬಿಗಿಹಿಡಿದು ಕೂತಿರಬೇಕು. ಪಾಲು ಸರಿಹೋಯಿತು ಎಂದು ಆಕೆಗೆ ಅನ್ನಿಸಿದ ಮೇಲೆ ಗೋಡೆಯ ಶಾಸ್ತ್ರ ಶುರು. ಮಕ್ಕಳಲ್ಲಿ ಒಬ್ಬರು ಗೋಡೆಗೆ ಮುಖ ಮಾಡಿ ಕೂರಬೇಕು. ಅತ್ತೆ ಒಂದು ಪಾಲಿನ ಮೇಲೆ ಬೆರಳಿಟ್ಟು ‘ಇದು ಯಾರ್ಗೆ?’ ಅನ್ನುತ್ತಾಳೆ. ಗೋಡೆಯ ಕಡೆ ಕೂತವರು ಒಂದು ಹೆಸರು ಹೇಳಬೇಕು. ಯಾವ ಪಾಲೆಂದು ಅವರಿಗೆ ಕಾಣುವುದಿಲ್ಲ, ಹಾಗಾಗಿ ಯಾರೂ ಯಾರನ್ನೂ ಬೈಯುವ ಹಾಗಿಲ್ಲ. ಎಂಥ ನ್ಯಾಯ ನೋಡಿ! ಆದರೆ ದೊಡ್ಡವನಾದ ಮುನಿಯನಿಗೆ ಇದರಲ್ಲೂ ಗುಮಾನಿ. ‘ದೊಡ್ಡ ಚೂರಿನ ಮೇಲೆ ಬೆರಳಿಟ್ಟಾಗೆಲ್ಲ ರತ್ನ ಕೆಮ್ತಾಳೆ. ಗೋಡೆ ಕಡೆ ಇರೋ ಇವ್ಳು ರತ್ನಂಗೆ ಅಂತಾಳೆ’ ಎಂದು ನನ್ನ ಮೇಲೂ ಅವಳ ಮೇಲೂ ದೂರು ಹೊರಿಸಿದ.

ಅತ್ತೆ ವಿಚಾರಣೆ ಗಿಚಾರಣೆ ಏನೂ ಮಾಡಲಿಲ್ಲ. ಪಾಲಿನ ಹೊತ್ತಿನಲ್ಲಿ ಕೆಮ್ಮುವುದನ್ನೇ ನಿಷೇಧಿಸಿದಳು! ಆ ಸಲದ ಚಳಿಗಾಲದಲ್ಲಿ ರತ್ನಳಿಗೆ ನಿಜವಾಗಿಯೂ ನೆಗಡಿ. ಪಾಪದ ಹುಡುಗಿ ಸೆರಗಿಲ್ಲದ ಲಂಗದ ಅಂಚನ್ನೇ ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಕೊನೆಯ ಹೆಸರು ಬರುವ ತನಕ ತಡೆದು ಆಮೇಲೆ ಅಂಗಳಕ್ಕೆ ಓಡಿಹೋಗಿ ಮನಸಾರೆ ಕೆಮ್ಮಿ ಬರುತ್ತಿದ್ದಳು.

ಬೇಯಿಸಿದ ಮೊಟ್ಟೆಯನ್ನು ಅತ್ತೆ ಹೊಲಿಗೆ ದಾರದಿಂದ ಕೊಯ್ಯುತ್ತಿದ್ದಳು. ಚಾಕುವಿನಲ್ಲಿ ಕೊಯ್ದರೆ ಹಳದಿ ಚಾಕುವಿಗೆ ಅಂಟುತ್ತದಂತೆ, ಅಂಟಿದ್ದು ಯಾರ ಪಾಲಿನದು ಎಂದು ಹೇಗೆ ಗೊತ್ತಾಗಬೇಕು? ಮಾವಿನಹಣ್ಣಿನ ಕಾಲದಲ್ಲಿ ವಾಟೆಯದೇ ದೊಡ್ಡ ತಂಟೆ. ಹೋಳುಗಳನ್ನು ಸಮ ಮಾಡಬಹುದು, ವಾಟೆಯನ್ನು ಏನು ಮಾಡುವುದು? ಅದಕ್ಕೆ ಸರದಿ ಇತ್ತು. ಸರದಿ ಬಂದವರು ವಾಟೆ ಚೀಪುವಾಗ ಉಳಿದವರು ಸುತ್ತ ಕೂತು ಅದು ಬೆಳ್ಳಗಾಗುವುದನ್ನೇ ಕಾಯುತ್ತಿದ್ದೆವು, ಬೇಗ ಮುಗಿದರೆ ನಮ್ಮ ಸರದಿ ಬೇಗ ಬಂದೀತೆಂಬ ಹಾಗೆ. ಒಂದು ಕ್ರಿಸ್ಮಸ್ಸಿಗೆ ಎದುರು ಲೈನಿನವರು ಒಂದು ಕೇಕು ಕಳಿಸಿದರು. ಅದರ ನೆತ್ತಿಯ ಮೇಲೆ ಒಂದೇ ಒಂದು ಕೆಂಪು ಚೆರ್ರಿ! ನಮಗೆಲ್ಲ ಎದೆ ಡವಡವ. ಅತ್ತೆ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ದಾರ ತರಿಸಿ, ಆರು ಹೋಳು ಮಾಡಿದಳು. ನನ್ನ ಪಾಲಿನ ಚೆರ್ರಿ ಹಲ್ಲಿನ ಸಂದಿಯಲ್ಲಿ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

ಕಥೆಗಳಲ್ಲಿ ಬರುವ ತಾಯಂದಿರು ‘ನನಗೆ ಹಸಿವಿಲ್ಲ ಮಕ್ಕಳೇ, ನೀವು ತಿನ್ನಿ’ ಎಂದು ತಣ್ಣೀರು ಕುಡಿದು ಮಲಗುತ್ತಾರಲ್ಲ, ನಮ್ಮತ್ತೆ ಆ ಪೈಕಿಯಲ್ಲ. ತನ್ನ ಪಾಲನ್ನು ನಮ್ಮೆದುರಿಗೇ ಕೂತು, ನಿಧಾನವಾಗಿ, ಕೊನೆಯ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿನ್ನುತ್ತಿದ್ದಳು. ಸೀನ ಚಿಕ್ಕವನು, ಆಸೆಗಣ್ಣಿನಿಂದ ನೋಡುತ್ತಾನೆ. ‘ಏನ್ಲಾ ನೋಡ್ತೀಯ? ನಾನೂ ಈ ಮನೇವ್ಳೇ’ ಎನ್ನುತ್ತಿದ್ದಳು.

ಇಷ್ಟೇ ಆಗಿದ್ದರೆ ಆಕೆಯನ್ನು ಲೆಕ್ಕಾಚಾರದ ಹೆಂಗಸು ಎಂದು ನಕ್ಕು ಬಿಡಬಹುದಿತ್ತು. ಆದರೆ ಮಾವನ ಪಾಲಿನ ವಿಚಾರ ಬಂದರೆ ನಗು ಬರುತ್ತಿರಲಿಲ್ಲ. ಮಾವ ಪಾಳಿಗೆ ಇಳಿದಿದ್ದಾಗ ಅವರ ಪಾಲನ್ನು ಎಲ್ಲರದಕ್ಕಿಂತ ಮೊದಲು ಗೋಡೆಯ ಗೂಡಿನಲ್ಲಿಟ್ಟು ಮೇಲೆ ಒಂದು ಕಂಚಿನ ಬಟ್ಟಲನ್ನು ಬೋರಲು ಹಾಕುತ್ತಿದ್ದಳು. ಅವರು ಮೇಲೆ ಬಂದು, ಮೈ ತೊಳೆದು, ತಾವೇ ಆ ಬಟ್ಟಲನ್ನು ಎತ್ತಬೇಕು. ಅಲ್ಲಿಯವರೆಗೆ ಅದನ್ನು ಬೆರಳಲ್ಲಿ ಮುಟ್ಟಿದರೂ ಆಕೆಯ ಮುಖ ಬಿಳಿಚಿಕೊಳ್ಳುತ್ತಿತ್ತು. ಪಾಲು ಕಮ್ಮಿಯಿರಬಾರದು, ಜಾಸ್ತಿಯೂ ಇರಬಾರದು. ಒಂದು ಹಬ್ಬದ ದಿನ ಮಾವ ತಮಾಷೆಗೆ, ‘ದುಡಿಯೋನು ನಾನು. ನಂಗೆ ಇನ್ನೊಂದು ಆಕಿದ್ರೆ ಏನ್ ಗಂಟು ಓಯ್ತದೆ?’ ಎಂದರು.

ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ‘ಎರಡು ತಿಂದು ಎಲ್ಲಿಗೆ ಓಗಬೇಕಂತಿದ್ದೀರಾ?’ ಎಂದಳು.

ಮಾವ ತಮ್ಮ ಪಾಲಿಗೇ ಕೈ ಹಾಕಿದರು. ಆಗ ನನಗೆ ಅತ್ತೆಯ ಲೆಕ್ಕ ಸ್ವಲ್ಪ ಅರ್ಥವಾಯಿತು. ಆಕೆಯ ಪ್ರಕಾರ ಪ್ರಪಂಚದಲ್ಲಿ ಎರಡೇ ತರದ ಜನ. ಎರಡು ತಿಂದು ಹೊರಟುಹೋಗುವವರು ಒಂದು ತರ, ಚೂರು ಪಾಲಿಗಾಗಿ ಮನೆಗೆ ವಾಪಸು ಬಂದೇ ಬರುವವರು ಇನ್ನೊಂದು ತರ. ದಿನವೂ ಭೂಮಿಯ ಹೊಟ್ಟೆಗೆ ಇಳಿಯುವ ಗಂಡನನ್ನು ವಾಪಸು ಕರೆಸಿಕೊಳ್ಳಲು ಆಕೆಯ ಹತ್ತಿರ ಇದ್ದದ್ದು ಆ ಒಂದು ಬಟ್ಟಲು. ಅದು ಗೊತ್ತಾದ ಮೇಲೆ ನನಗೆ ನನ್ನ ಭಯದ ಜೊತೆಗೆ ಆಕೆಯ ಭಯವೂ ಬಂದು ಸೇರಿಕೊಂಡಿತು. ಪಾಳಿ ಬಿಡುವ ಸೈರನ್ ಕೂಗಿದರೆ ನಾನೂ ಗೂಡಿನ ಕಡೆ ನೋಡತೊಡಗಿದೆ.

ಅಂಥ ಅತ್ತೆಯೂ ಒಮ್ಮೆ ಲೆಕ್ಕ ತಪ್ಪಿದಳು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ. ಡಬ್ಬದಲ್ಲಿ ಉಳಿದ ಕಜ್ಜಾಯಗಳನ್ನು ಅತ್ತೆ ಹಂಚಲು ಕೂತಿದ್ದಳು. ಪಕ್ಕದ ಮನೆಯ ಸೆಲ್ವಿ ಅಕ್ಕ ಬಂದಳು. ಅವಳ ಗಂಡನೂ ಮಾವನ ಪಾಳಿಯವನೇ. ಬಂದವಳು ನೆಂಟಳಲ್ಲವೇ, ಅವಳಿಗೆ ಎರಡು ಕೊಟ್ಟದ್ದಾಯಿತು. ಸೆಲ್ವಿ ಅಕ್ಕನಿಗೆ ತಮಿಳು ಕನ್ನಡ ತೆಲುಗು ಮೂರೂ ಬರುತ್ತಿದ್ದವು, ಮೂರನ್ನೂ ಒಟ್ಟಿಗೇ ಆಡುತ್ತಿದ್ದಳು. ಆ ಮಾತಿನ ಭರಾಟೆಯಲ್ಲಿ ಅತ್ತೆ ಎದುರಿಗಿದ್ದ ತಲೆಗಳನ್ನು ಎಣಿಸಿ ಪಾಲು ಮಾಡಿದಳು. ಗೋಡೆಯ ಶಾಸ್ತ್ರವೂ ಮುಗಿಯಿತು. ನಾವು ತಿನ್ನಲು ಶುರು ಮಾಡಿದ್ದೆವು.

ನೆಲ ಗುಡುಗಿತು.

ಆ ಊರಿಗೆ ನೆಲ ಅದುರುವುದು ಹೊಸದಲ್ಲ. ಕೆಳಗೆಲ್ಲೋ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಗೂಡಿನ ಲೋಟ ಉರುಳುತ್ತದೆ. ಸಣ್ಣದಾದರೆ ಹೆಂಗಸರು ಮಾತು ನಿಲ್ಲಿಸಿ ಕಿವಿಗೊಡುತ್ತಾರೆ, ಆಮೇಲೆ ನಿಲ್ಲಿಸಿದಲ್ಲಿಂದ ಮುಂದುವರಿಸುತ್ತಾರೆ. ದೊಡ್ಡದಾದರೆ ಸೆರಗು ಬಿಗಿದು, ಗಂಡಸರು ಗಣಿಗೆ ಇಳಿದು ಹತ್ತುವ ಶಾಫ್ಟಿನ ಕಡೆ ಓಡುತ್ತಾರೆ. ಇದು ದೊಡ್ಡದು. ಪಾತ್ರೆಗಳೆಲ್ಲ ದಡದಡ ಬಿದ್ದವು, ಹೆಂಚಿನಿಂದ ಧೂಳು ಸುರಿಯಿತು. ಹೊರಗೆ ಲೈನಿನ ಬಾಗಿಲುಗಳೆಲ್ಲ ತೆರೆದುಕೊಂಡ ಸದ್ದು, ಓಡುವ ಕಾಲುಗಳ ಸದ್ದು. ಸೆಲ್ವಿ ಅಕ್ಕ ಕಜ್ಜಾಯ ಬಿಸಾಕಿ ಎದ್ದು, ‘ಅಕ್ಕಾ, ವಾಂಗ! ಬನ್ನಿ ಓಗಾಣ!’ ಎಂದು ಕೈ ಹಿಡಿದು ಎಳೆದಳು.

ಅತ್ತೆ ಕದಲಲಿಲ್ಲ. ಆಕೆಯ ಕಣ್ಣು ಗೂಡಿನ ಮೇಲೆ ನೆಟ್ಟಿತ್ತು. ಗೂಡು ಖಾಲಿ.

‘ಅಯ್ಯೋ, ಆಯಪ್ಪನ ಪಾಲು ಇಕ್ಕಿಲ್ಲ!’

ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ನೆಲ ಗುಡುಗಿದ್ದಕ್ಕಿಂತ ಅದಕ್ಕೇ ನಾನು ಹೆಚ್ಚು ಹೆದರಿದೆ. ‘ಯಾರೂ ನುಂಗಬ್ಯಾಡಿ! ಕೈಯಾಗಿರೋದು ತತ್ತಾ ಇತ್ಲಾಗೆ!’ ಎಂದು ಮೊರ ಮುಂದೆ ಎಳೆದುಕೊಂಡಳು. ಊರಿಗೂರೇ ಶಾಫ್ಟಿನ ಕಡೆ ಓಡುತ್ತಿದೆ, ನಮ್ಮತ್ತೆ ಒಳಗೆ ಕೂತು ಎಂಜಲು ಕಜ್ಜಾಯ ಜೋಡಿಸುತ್ತಿದ್ದಾಳೆ! ಸೆಲ್ವಿ ಅಕ್ಕ ಇವಳಿಗೆ ತಲೆ ಕೆಟ್ಟಿತೆಂದು ತಿಳಿದು ಒಬ್ಬಳೇ ಓಡಿದಳು. ಅವಳು ಬಿಸಾಕಿದ ಕಜ್ಜಾಯವನ್ನು ನಾನು ಎತ್ತಿಕೊಡಲು ಹೋದೆ. ಅತ್ತೆ ನನ್ನ ಕೈ ತಳ್ಳಿದಳು. ‘ಅದು ಬ್ಯಾಡ, ನೆಂಟ್ರುದು!’

ರತ್ನ ತನ್ನದರಲ್ಲಿ ಒಂದು ಚೂರು ಮುರಿದಳು, ನಾನು ಒಂದು ಚೂರು ಮುರಿದೆ. ಮುನಿಯ ತನ್ನ ಪಾಲನ್ನು ಇಡಿಯಾಗಿ ಮೊರದ ಮೇಲಿಟ್ಟ. ರತ್ನಳ ಕೆಮ್ಮಿಗೂ ಲೆಕ್ಕ ಕೇಳುತ್ತಿದ್ದ ಮುನಿಯ! ಅತ್ತೆ ಅದರಲ್ಲಿ ಒಂದು ತುಣುಕು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಅವನ ಕೈಗೇ ತುರುಕಿ, ‘ಜಾಸ್ತಿ ಇಕ್ಕಿ ನಿಮ್ಮಪ್ಪನ್ನ ಕಳಿಸಿಬಿಡ್ತೀಯೇನ್ಲಾ?’ ಎಂದು ಗದರಿದಳು. ಸೀನನ ಕೈ ಖಾಲಿ. ಅವನು ಯಾವತ್ತೂ ಎಲ್ಲರಿಗಿಂತ ಮೊದಲು ನುಂಗುವವನು. ಅಂಗಿಯ ಮೇಲಿದ್ದ ಪುಡಿಯನ್ನು ಒಂದೊಂದಾಗಿ ಹೆಕ್ಕಿ ಮೊರಕ್ಕೆ ಹಾಕುತ್ತ, ‘ನಂದು ಆಗೋಯ್ತಮ್ಮ. ಅಪ್ಪ ಬರಲ್ವಾ?’ ಎಂದು ಅಳತೊಡಗಿದ. ಅತ್ತೆ ತನ್ನ ಪಾಲಿನಿಂದ ಒಂದು ಚೂರು ಮುರಿದು ಅವನ ಅಂಗೈಯಲ್ಲಿಟ್ಟು, ‘ಇಕ್ಕು. ನೀನೇ ಇಕ್ಕು’ ಎಂದಳು. ಅವನು ಇಟ್ಟ. ತನ್ನದರಲ್ಲಿ ಇನ್ನೊಂದು ಚೂರು ಮುರಿದು ತಾನೂ ಇಟ್ಟಳು. ಅಷ್ಟು ಅವಸರದಲ್ಲೂ ಒಂದು ಕಣ್ಣು ಮುಚ್ಚಿ ನೋಡಿ, ಒಂದು ಚಿಟಿಕೆ ತೆಗೆದು ಸರಿಮಾಡಿ, ಗೂಡಿನಲ್ಲಿಟ್ಟು ಬಟ್ಟಲು ಬೋರಲು ಹಾಕಿದಳು. ಆಮೇಲೆ ಎದ್ದಳು. ಚಪ್ಪಲಿಯಿಲ್ಲದ ಕಾಲಿನಲ್ಲಿ ಅಷ್ಟು ವೇಗವಾಗಿ ಓಡುವ ಹೆಂಗಸನ್ನು ನಾನು ಕಂಡಿರಲಿಲ್ಲ.

ನಾವು ನಾಲ್ವರೂ ಗೂಡಿನ ಕೆಳಗೆ ಸಾಲಾಗಿ ಕೂತೆವು. ಕೈಯಲ್ಲಿ ಉಳಿದ ಚೂರುಗಳನ್ನು ಯಾರೂ ತಿನ್ನಲಿಲ್ಲ. ಒಂದು ಇಲಿ ಸದ್ದು ಮಾಡಿದರೂ ಬಟ್ಟಲು ಅಲುಗಿತೇನೋ ಎಂದು ಬೆಚ್ಚಿಬೀಳುತ್ತಿದ್ದೆವು. ಚೂರು ಚೂರು ಜೋಡಿಸಿದ ಪಾಲು ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಎಂಜಲಾದದ್ದು ನಡೆಯುತ್ತದೋ ಇಲ್ಲವೋ ಎಂದು ನಾನು ಒಳಗೇ ಬೇಯುತ್ತಿದ್ದೆ. ದೇವರನ್ನು ಕೇಳೋಣವೆಂದರೆ ಯಾವ ದೇವರಿಗೆ ಈ ಲೆಕ್ಕ ಗೊತ್ತಿರುತ್ತದೆ?

ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಮಾವ ನಿಂತಿದ್ದರು. ತಲೆಯಿಂದ ಕಾಲಿನವರೆಗೆ ಬೂದಿ ಬಣ್ಣ, ಕಣ್ಣು ಮಾತ್ರ ಮಾವನದು. ಬಂಡೆ ಸಿಡಿದದ್ದು ಬೇರೆ ಕಡೆಯಂತೆ, ಇವರ ಗುಂಪು ದಾರಿ ಸುತ್ತಿಕೊಂಡು ಮೇಲೆ ಬರಲು ತಡವಾಯಿತಂತೆ. ಸೆಲ್ವಿ ಅಕ್ಕನ ಗಂಡನೂ ಬಂದಿದ್ದ. ಅತ್ತೆ ಮಾವನ ಹಿಂದೆ ನಿಂತಿದ್ದಳು, ಅತ್ತದ್ದರ ಗುರುತೇ ಇಲ್ಲ. ‘ಮೈ ತೊಳ್ಕೊಂಡು ಬಂದು ನಿಮ್ ಪಾಲು ತಗೊಳ್ಳಿ’ ಎಂದಳು, ದಿನವೂ ಹೇಳುವ ದನಿಯಲ್ಲೇ.

ಮಾವ ಬಟ್ಟಲು ಎತ್ತಿದರು. ಹಲ್ಲಿನ ಗುರುತಿನ ಚೂರುಗಳು, ಸೀನನ ಅಂಗಿಯ ಪುಡಿ. ‘ಇದೇನೇ ಇದು? ಇಲಿಗಿಲಿ ಬಾಯಿ ಆಕೈತಾ?’ ಎಂದರು.

‘ಸುಮ್ಕೆ ತಿನ್ನಿ’ ಎಂದಳು ಅತ್ತೆ.

ಮಾವ ನಮ್ಮ ನಾಲ್ವರ ಮುಖ ನೋಡಿದರು, ನಮ್ಮ ಕೈಯಲ್ಲಿ ಬೆವರಿಗೆ ಮೆತ್ತಗಾದ ಚೂರುಗಳನ್ನು ನೋಡಿದರು. ಆಮೇಲೆ ಏನೂ ಕೇಳದೆ ಒಂದು ಪುಡಿ ಬಿಡದಂತೆ ತಿಂದರು. ಅವರು ಕೈ ತೊಳೆದ ಮೇಲೆ ಅತ್ತೆ ಗೋಡೆಗೊರಗಿ ಕೂತಳು.

ಅಲ್ಲಿ ಓದು ಮುಗಿಸಿ ನಾನು ಊರಿಗೆ ವಾಪಸಾದೆ, ಒಂದೆರಡು ವರ್ಷಕ್ಕೆ ಮದುವೆಯೂ ಆಯಿತು. ಗಂಡನ ಮನೆ ಬಂಗಾರಪೇಟೆ. ಮದುವೆಯಾದ ಮೇಲೆ ಮೊದಲ ಸಲ ಅತ್ತೆಯ ಮನೆಗೆ ಹೊರಟಾಗ ಗಾಡಿಯಲ್ಲಿ ನನಗೆ ಹಳೆಯ ದಿಗಿಲು ಶುರುವಾಯಿತು. ನಾನೀಗ ಬೇರೆ ಮನೆಯವಳು. ಇವತ್ತು ಅತ್ತೆ ನನಗೆ ಎರಡು ಕೊಡುತ್ತಾಳೋ, ಪಾಲು ಕೊಡುತ್ತಾಳೋ? ಸೆರಗಿನ ತುದಿ ತಿರುಚುತ್ತಿದ್ದ ನನ್ನನ್ನು ನೋಡಿ ಗಂಡ ಏನೆಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಎರಡು ಕೊಟ್ರೆ ಅಳೋದಾ? ನಮ್ ಮನೇಲಿ ಒಂದೂ ಕೊಡ್ದೇ ಇದ್ರೆ ಅಳ್ತಾರೆ’ ಎಂದರು. ಒಳ್ಳೆಯವರೇ, ಆದರೆ ಇಂಥ ಸೂಕ್ಷ್ಮ ಅವರಿಗೆ ಹೇಗೆ ತಿಳಿಯಬೇಕು?

ಅವತ್ತು ಮಾವನಿಗೆ ರಜ, ಹೊರಗೆ ಜಗುಲಿಯ ಮೇಲೆ ತಮ್ಮ ಪಾಲು ತಿನ್ನುತ್ತ ಕೂತಿದ್ದರು. ಈಗ ಮುನಿಯನೂ ಗಣಿಗೆ ಇಳಿಯುತ್ತಿದ್ದ, ಪಾಳಿಗೆ ಹೋಗಿದ್ದ. ಸೀನ ಮೀಸೆ ಬರುವ ವಯಸ್ಸಿನವನಾಗಿದ್ದ. ರತ್ನ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅತ್ತೆ ನನ್ನ ಗಂಡನ ಮುಂದೆ ಎಲೆ ಚೂರು ಹಾಕಿ ಎರಡು ಕಜ್ಜಾಯ ಇಟ್ಟಳು. ಸರಿಯೇ, ಅವರು ನೆಂಟರು. ಆಮೇಲೆ ಇನ್ನೊಂದು ಎಲೆ ಚೂರು ತಂದು ನನ್ನ ಮುಂದೆ ಹಾಕಿದಳು. ಇಡೀ ಇಡೀ ಎರಡು.

ಚಿಕ್ಕವಳಾಗಿದ್ದಾಗ ನನ್ನನ್ನು ಕುಣಿಸಿದ್ದ ಅದೇ ಎರಡು ಕಜ್ಜಾಯ ಈಗ ಕಣ್ಣಿಗೆ ಕಾಣಲಾರದಷ್ಟು ಮಂಜಾದವು. ಹಾಗಾದರೆ ಮುಗಿಯಿತು, ಇನ್ನು ಸಾಯಂಕಾಲದ ಗಾಡಿಗೆ ಹೊರಡುವವರ ಲೆಕ್ಕಕ್ಕೆ ನಾನೂ ಸೇರಿದೆ. ಗಂಡನ ಎದುರು ಅಳಬಾರದೆಂದು, ನೀರು ಕುಡಿದು ಬರುತ್ತೇನೆ ಎಂದು ನೆಪ ಹೇಳಿ ಎಲೆಯನ್ನು ಎತ್ತಿಕೊಂಡೇ ಅಡಿಗೆ ಕೋಣೆಗೆ ಹೋದೆ.

ಗೂಡಿನಲ್ಲಿ ಎರಡು ಬಟ್ಟಲು ಬೋರಲು ಬಿದ್ದಿದ್ದವು. ಒಂದು ಮುನಿಯನದು, ಪಾಳಿಗೆ ಹೋಗಿದ್ದಾನಲ್ಲ. ಇನ್ನೊಂದು ಯಾರದು? ಮಾವ ಹೊರಗೆ ಕೂತು ತಿನ್ನುತ್ತಿದ್ದಾರೆ. ಕೈ ತಾನಾಗಿಯೇ ಆ ಬಟ್ಟಲಿನ ಕಡೆ ಹೋಯಿತು.

‘ಮುಟ್ಬ್ಯಾಡ!’ ಹಿಂದಿನಿಂದ ಸೀನ ಕೂಗಿದ. ‘ಅದು...’ ಎಂದವನು ನನ್ನ ಮುಖ ನೋಡಿ ಪೆಚ್ಚಾದ. ‘ಅದು ನಿಂದೇ. ಮುಟ್ಟು.’

‘ನಂದಾ?’

‘ಮತ್ತಿನ್ಯಾರ್ದು? ನೀನು ಊರಿಗೆ ಓದಾಗಿನಿಂದ ಇದೇ ಗೋಳು. ಏನ್ ಮಾಡಿದ್ರೂ ನಿಂದೊಂದು ಪಾಲು ಗೂಡಿಗೆ. ಬಂಗಾರಪೇಟೆ ಗಾಡಿ ಬಂದು ಓಗೋ ಗಂಟ ಯಾರೂ ಮುಟ್ಟಂಗಿಲ್ಲ. ಗಾಡಿ ಓದ್ ಮೇಲೆ ಅದನ್ನ ಮತ್ತೆ ಚೂರು ಮಾಡಿ ಅಂಚ್ತಾಳೆ. ಇರುವೆ ಬಾಯಿಗೂ ಸಾಲಲ್ಲ!’

ನಾನು ಬಟ್ಟಲು ಎತ್ತಿದೆ. ಒಳಗೆ ಅರ್ಧಕ್ಕಿಂತ ಚಿಕ್ಕದಾದ ಒಂದು ಚೂರು. ಪಕ್ಕಕ್ಕೆ ಒಂದು ಚಿಟಿಕೆ ಪುಡಿ, ಸರಿದೂಗಿಸಲು ಹಾಕಿದ್ದು.

ಅಷ್ಟರಲ್ಲಿ ಅತ್ತೆಯೇ ಒಳಗೆ ಬಂದಳು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಅಲ್ಲಿ ಕೊಟ್ಟಿದ್ದು ನಿನ್ನ ಗಂಡನ ಮನೇವ್ರ ಮರ್ಯಾದೆಗೆ ಕಣೇ. ನಾಳೆ ಅವರು, ನಮ್ ಸೊಸೆಗೆ ಮುರಿದಿದ್ದು ಕೊಟ್ರು ಅನ್ನಬಾರ್ದು. ಇದು ಮನೆ ಲೆಕ್ಕ, ಬೇರೆ’ ಎಂದಳು.

‘ಆಗಾದ್ರೆ ಅವ್ಳಿಗೆ ಮೂರಾಯ್ತು! ಇದ್ಯಾವ ನ್ಯಾಯ?’ ಎಂದು ಸೀನ ಹಾರಾಡಿದ. ನೋಡಿ, ಆ ಮನೆಯಲ್ಲಿ ಬೆಳೆದ ಮಕ್ಕಳಿಗೆ ಎಂಥ ಹೊತ್ತಿನಲ್ಲೂ ಲೆಕ್ಕ ತಪ್ಪುವುದಿಲ್ಲ!

‘ತತ್ತಾರೇ ಇಲ್ಲಿ’ ಎಂದು ಅತ್ತೆ ನನ್ನ ಎಲೆಯ ಮೇಲಿದ್ದ ಎರಡು ಕಜ್ಜಾಯಗಳನ್ನು ಕಿತ್ತುಕೊಂಡಳು. ಮೊರ ಬೋರಲು ಬಿತ್ತು. ಗಂಡನ ಮನೆಯವರ ಮರ್ಯಾದೆಗೆಂದು ಇಟ್ಟಿದ್ದ ಆ ಕಜ್ಜಾಯಗಳು ಮುರಿದು ಮುರಿದು ಆರು ಪಾಲಾದವು. ಒಂದು ಕಣ್ಣು ಮುಚ್ಚಿ ನೋಡಿದಳು, ತಲೆ ವಾಲಿಸಿ ನೋಡಿದಳು. ರತ್ನ ಬಂದು ನನ್ನ ಪಕ್ಕ ಕೂತಳು, ಕೆಮ್ಮದೆ.

‘ಇವತ್ತು ನೀನು ಗೋಡೆ ಕಡೆ ತಿರ್ಗು’ ಎಂದಳು ಅತ್ತೆ.

ಎಷ್ಟು ಒಳ್ಳೆಯದಾಯಿತು ನೋಡಿ, ಗೋಡೆಗೆ ಮುಖ ಮಾಡಿದರೆ ಯಾರಿಗೂ ನನ್ನ ಕಣ್ಣು ಕಾಣುವುದಿಲ್ಲ. ಆ ಮಸಿ ಹಿಡಿದ ಗೋಡೆಯ ಎದುರು ರೇಷ್ಮೆ ಸೀರೆ ಉಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂತೆ. ಹಿಂದೆ ಅತ್ತೆಯ ಬಳೆ ಸದ್ದಾಯಿತು, ಬೆರಳು ಮೊರಕ್ಕೆ ತಾಗಿದ ಸದ್ದಾಯಿತು.

‘ಇದು ಯಾರ್ಗೆ?’

ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅತ್ತೆ ಕಾದಳು. ಆಮೇಲೆ ಇನ್ನೂ ಮೆಲ್ಲಗೆ ಇನ್ನೊಮ್ಮೆ ಕೇಳಿದಳು, ‘ಇದು ಯಾರ್ಗೇ, ಅಮ್ಮಣ್ಣಿ?’

‘ನಂಗೆ’ ಎಂದೆ.